ಹೆಗಲ ಮೇಲಿನ ಕೈ

ಕುಣಿಗಲ್ ಬಸ್‌ಸ್ಟ್ಯಾಂಡಿನ ಎದುರು ಫೋಟೊ ಸ್ಟುಡಿಯೊ ಇಟ್ಟಿದ್ದ ಖುರ್ಷಿದ್ ಪಾಷಾ ಮದುವೆ ಹೆಣ್ಣಿನ ಚಿತ್ರ ತೆಗೆದರೂ ನೋಡುವವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅವಳ ಮಡಿಲಲ್ಲಿ ಬಿಗಿದುಕೊಂಡ ಬೆರಳುಗಳ ಮೇಲೆ. ಕೈಗಳ ಆ ಹುಚ್ಚು ಅವನಿಗೆ ಅಬ್ಬಾ ಹಬೀಬ್ ಸಾಬರಿಂದ ಬಂದದ್ದು, ಅವರಿಗೇ ಗೊತ್ತಿಲ್ಲದೆ. ತುಮಕೂರಿನ ಅಬ್ಬಾನ ಮನೆಯಲ್ಲಿ ಮುಖದ ಚಿತ್ರ ಹರಾಮು. "ಕಯಾಮತ್ ದಿನ ಲೆಕ್ಕ ಕೇಳೋವಾಗ ಅಲ್ಲಾ ಇದಕ್ಕೆ ಜೀವ ತುಂಬು ಅಂತಾನೆ. ಏನ್ಮಾಡ್ತೀಯ?" ಎನ್ನುತ್ತ ಅಬ್ಬಾ ಅವನ ಮೊದಲ ಚಿತ್ರಗಳನ್ನು ಒಲೆಗೆ ಹಾಕಿದ್ದರು. ಹಟಕ್ಕೆ ಬಿದ್ದ ಹುಡುಗ ಮುಖ ಬಿಟ್ಟು ಕೈಗಳ ಚಿತ್ರ ತೆಗೆದ: ತಸ್ಬೀಹ್ ಮಣಿ ಎಣಿಸುವ ಅಬ್ಬಾನ ಕೈ, ನಮಾಜಿಗೆ ಮುಂಚೆ ವಜೂವಿನ ನೀರು ತೊಟ್ಟಿಕ್ಕುವ ಕೈ. ಸಿಟ್ಟಿನಲ್ಲಿ ಕಲಿತ ವಿದ್ಯೆ.

ಆಮೇಲೆ ದುಡಿಮೆಗಲ್ಲದೆ, ಆಸೆಪಟ್ಟು ಅವನು ತೆಗೆದ ಮುಖ ಒಂದೇ. ಕೊತ್ತಗೆರೆಯ ಯಲ್ಲಯ್ಯನದು. ಯಲ್ಲಯ್ಯ ಶಾಲೆ ಮೇಷ್ಟ್ರು. ಶನಿವಾರ ಶಾಲೆ ಬಿಟ್ಟರೆ ನೇರ ಸ್ಟುಡಿಯೊಗೆ. ಊರಿನ ಕಣ್ಣಿಗೆ ಸ್ನೇಹ, ಬಾಗಿಲು ಹಾಕಿದರೆ ಸಂಸಾರ.

೧೯೮೩ರಲ್ಲಿ ಯಲ್ಲಯ್ಯ ಕಾಮಾಲೆಯಾಗಿ ತೀರಿಕೊಂಡ. ಹೆಣ ಎತ್ತುವಾಗ ಖುರ್ಷಿದ್ ಬೀದಿಯ ತುದಿಯಲ್ಲಿ ನಿಂತಿದ್ದ. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ.

ತಿಥಿಗೆ ಮುಂಚೆ ಯಲ್ಲಯ್ಯನ ಅಣ್ಣ ಚಿಕ್ಕಮಾರಯ್ಯ ಸ್ಟುಡಿಯೊಗೆ ಬಂದು, ತಮ್ಮನ ಟ್ರಂಕಿನಲ್ಲಿ ಸಿಕ್ಕ ಚಿತ್ರವೊಂದನ್ನು ಮೇಜಿನ ಮೇಲೆ ಎಸೆದ. ಯಲ್ಲಯ್ಯ ನಗುತ್ತಿದ್ದಾನೆ. ಪಕ್ಕದಲ್ಲಿ, ಕ್ಯಾಮೆರಾಗೆ ಟೈಮರ್ ಇಟ್ಟು ಬಂದು ನಿಂತ ಖುರ್ಷಿದ್, ಅವನ ಹೆಗಲ ಮೇಲೆ ಕೈಯಿಟ್ಟು.

"ಇದ್‌ಬಿಟ್ರೆ ಬೇರೆ ಫೋಟೊ ಇಲ್ಲ ಸಾಬ್ರೆ. ದೊಡ್ಡದ್ ಮಾಡ್ಕೊಡಿ. ನಿಮ್ಮನ್ನ ತೆಗೆದ್‌ಬುಡಿ."

"ಯಾಕೆ?"

"ಪೂಜೆ ಮಾಡೋ ಫೋಟೊದಾಗೆ ನೀವ್ಯಾಕೆ? ಮದ್ವೆ ಬ್ಯಾಡ ಬ್ಯಾಡ ಅಂತಿದ್ನಲ್ಲ, ಯಾಕೇಂತ ನಮ್ಗೇನ್ ಗೊತ್ತಿಲ್ವಾ? ಊರೋರು ಆಡ್ಕೊಂಡಿದ್ದು ಸಾಲ್ದಾ?"

ಖುರ್ಷಿದ್ ಚಿತ್ರ ಎತ್ತಿಟ್ಟುಕೊಂಡ. ಚಿಕ್ಕಮಾರಯ್ಯ ಹೋದ ಮೇಲೆ ಅದರ ನೆಗೆಟಿವ್ ತೆಗೆದು, ಅದರಲ್ಲಿದ್ದ ತನ್ನ ಮೇಲೆ ಕುಂಚದಿಂದ ಕೆಂಪು ಬಣ್ಣ ಹಚ್ಚತೊಡಗಿದ. ಬಣ್ಣ ಬಿದ್ದಷ್ಟೂ ಜಾಗ ಪ್ರಿಂಟಿನಲ್ಲಿ ಬರೀ ಬಿಳಿ. ಬಣ್ಣದಿಂದ ಚಿತ್ರದ ತನ್ನ ಕಣ್ಣು ಮುಚ್ಚಿದ. ಬಾಯಿ ಮುಚ್ಚಿದ. ಅಂದು ಅಬ್ಬಾನ ಒಲೆ, ಇಂದು ಕೊತ್ತಗೆರೆಯ ಪೂಜೆ. ಎಲ್ಲರಿಗೂ ತಾನು ಇಲ್ಲವಾಗಬೇಕು. ಜೀವ ತುಂಬು ಅಂದರೆ ಏನು ಮಾಡ್ತೀಯ ಅಂದೆಯಲ್ಲ ಅಬ್ಬಾ? ತುಂಬಲು ಬಂದಿದ್ದರೆ ಈ ಯಲ್ಲಯ್ಯನಿಗೆ ತುಂಬದೆ ಬಿಡುತ್ತಿದ್ದೆನೇ!

ಕುಂಚ ತೋಳಿನುದ್ದಕ್ಕೂ ಬಂದು ಮಣಿಕಟ್ಟಿನಲ್ಲಿ ನಿಂತಿತು.

ತಿಥಿಯ ಬೆಳಿಗ್ಗೆ, ಕಟ್ಟು ಹಾಕಿದ ಚಿತ್ರ ನೋಡಿ ಚಿಕ್ಕಮಾರಯ್ಯ ಕೆರಳಿದ. "ಇದ್ಯಾರ್ ಕೈ?"

"ನಂದೇ."

"ತೆಗೀರಿ ಅಂದಿದ್ನಲ್ಲ!"

"ಮುಖ ತೆಗ್ದಿದೀನಿ. ಕೈ ತೆಗ್ಯಲ್ಲ. ಬೇಡಾಂದ್ರೆ ಇಟ್ಟು ಹೋಗಿ."

ಊರಲ್ಲಿ ನೆಂಟರು ಕಾಯುತ್ತಿದ್ದರು. ಚಿಕ್ಕಮಾರಯ್ಯ ಫೋಟೊವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಕಾಣ್ದಂಗೆ ದಪ್ಪ ಹಾರ ಹಾಕ್ತೀವಿ ಬುಡಿ."

"ಹಾಕಿ," ಎಂದ ಖುರ್ಷಿದ್. "ಎಷ್ಟ್ ದಿನ? ಹೂವು ಒಣಗಲ್ವಾ?"