ನಾಲ್ಕು ಬೆರಳಿನ ಬೆಳಕು

ಉದ್ದವ್ವ ಸಿದ್ರಾಯ ಕಾಂಬಳೆ ಕಟ್ಟಿದ ದೀಪದ ಸಾಲಿನ ಫೋಟೊ ತೆಗೆಸಿ, ಅದರ ಕೆಳಗೆ ನರ್ಸರಿಯ ಮಾಲೀಕರು ತಮ್ಮ ಮಗನ ಹೆಸರು ಬರೆಸಿದರು. ಫೋಟೊದಲ್ಲಿ ಉದ್ದವ್ವನವರ ಎರಡು ಕೈಗಳಿವೆ, ಮೊಣಕೈವರೆಗೆ. ಅಲ್ಲಿಂದ ಮೇಲೆ ಕತ್ತರಿಸಲಾಗಿದೆ. ಎರಡು ವರ್ಷದ ಹಿಂದೆ ಒಂದು ಕೃಷಿ ಮೇಳದಲ್ಲಿ ಆ ಫೋಟೊ ಅಂಟಿಸಿದ ಫಲಕಕ್ಕೆ ಬಹುಮಾನ ಬಂತು.

ಜೂನ್ ತಿಂಗಳ ಶನಿವಾರ, ಬೆಳಗಿನ ಐದೂವರೆ. ಯಮಕನಮರಡಿಯ ಹೆದ್ದಾರಿಯಲ್ಲಿ ಲಾರಿಗಳು ಇನ್ನೂ ದೀಪ ಹಚ್ಚಿಕೊಂಡೇ ಓಡುತ್ತಿವೆ. ಹಿಡಕಲ್ ಕಡೆಯಿಂದ ಬಂದ ಮೋಡ ಒಂಬತ್ತು ದಿನವಾದರೂ ಹಿಂದಕ್ಕೆ ಹೋಗಿಲ್ಲ. ಹೆದ್ದಾರಿಗೆ ಬೆನ್ನು ಮಾಡಿಕೊಂಡಿರುವ ನರ್ಸರಿಯಲ್ಲಿ ಹಳೆಯ ಗೊಬ್ಬರದ ಗೋಡೌನಿನ ಬಾಗಿಲು ತೆರೆಯುತ್ತದೆ. ಐವತ್ತಮೂರರ ಉದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಸ್ವಿಚ್ಚು ಒತ್ತುತ್ತಾರೆ. ಇಪ್ಪತ್ತನಾಲ್ಕು ಟ್ಯೂಬ್‌ಲೈಟುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಸುಣ್ಣ ಬಳಿದ ಗೋಡೆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹೊರಗೆ ಇಲ್ಲದ ಹಗಲು ಇಲ್ಲಿ ಆಗುತ್ತದೆ.

ಟ್ಯೂಬುಗಳ ಕೆಳಗೆ ಇಪ್ಪತ್ತನಾಲ್ಕು ಟ್ರೇಗಳು. ಒಂದೊಂದರಲ್ಲಿ ತೊಂಬತ್ತೆಂಟು ಕುಳಿ, ಕುಳಿಗೊಂದು ಸಂಕೇಶ್ವರಿ ಮೆಣಸಿನ ಸಸಿ. ಉದ್ದವ್ವ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಅಡ್ಡ ಮಾಡಿ, ಸಸಿಯ ತುದಿಗೂ ಟ್ಯೂಬಿಗೂ ನಡುವೆ ತೂರಿಸುತ್ತಾರೆ. ಬೆರಳು ಬಿಗಿಯಾದರೆ ಸಸಿ ಬೆಳೆದಿದೆ ಎಂದು ಅರ್ಥ. ಆಗ ಹಗ್ಗದ ಗಂಟು ಸಡಿಲಿಸಿ ಟ್ಯೂಬನ್ನು ಒಂದಿಷ್ಟು ಮೇಲಕ್ಕೆ ಎಳೆದು ಮತ್ತೆ ಬಿಗಿಯುತ್ತಾರೆ. ಬೆರಳು ಸಲೀಸಾಗಿ ಹೋದರೆ ಕೆಳಗಿಳಿಸುತ್ತಾರೆ. ಹನ್ನೆರಡು ಜೋಡಿ ಟ್ಯೂಬು, ಜೋಡಿಗೆರಡು ಗಂಟು. ದಿನಾ ಇಪ್ಪತ್ತನಾಲ್ಕು ಗಂಟು ನೋಡಬೇಕು.

ಆಮೇಲೆ ಅವರು ಸಸಿಗಳನ್ನು ಸವರುತ್ತಾರೆ. ಅಂಗೈ ಮುಟ್ಟಿಸುವುದಿಲ್ಲ, ಅದು ಒರಟು. ಕೈಯ ಹಿಂಭಾಗದಿಂದ, ಆ ಕಡೆಗೆ ಹತ್ತು ಸಲ, ಈ ಕಡೆಗೆ ಹತ್ತು ಸಲ. ಸಸಿಗಳು ಬಾಗುತ್ತವೆ, ಏಳುತ್ತವೆ. “ಒಳಗ ಗಾಳಿ ಇಲ್ಲಲ್ರಿ. ಗಾಳಿ ಬಡೀದ ಬೆಳದದ್ದು ಹೊಲದಾಗ ನಿಲ್ಲೂದಿಲ್ಲ. ಅದಕ್ಕ ನಾನ ಗಾಳಿ ಆಗ್ತೇನಿ,” ಎನ್ನುತ್ತಾರೆ.

ಮಿರಗದ, ಅಂದರೆ ಮೃಗಶಿರೆಯ ಮಳೆಗೆ ನಾಟಿಯಾಗಬೇಕಾದ ಮೆಣಸಿನ ಸಸಿಗೆ ಮೇ, ಜೂನ್ ತಿಂಗಳೇ ತೊಟ್ಟಿಲು. ಹೊರಗೆ ಸಸಿಮಡಿ ಮಾಡಿದರೆ ಜಡಿಮಳೆಗೆ ಬುಡ ಕೊಳೆಯುತ್ತದೆ. ಒಳಗಿಟ್ಟರೆ ಬೆಳಕಿಲ್ಲ. ಬೆಳಕು ಸಾಲದ ಸಸಿ ಸಾಯುವುದಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡುತ್ತದೆ: ಬೆಳಕು ಹುಡುಕುತ್ತಾ ಉದ್ದಕ್ಕೆ ಎಳೆದುಕೊಳ್ಳುತ್ತದೆ. ನೋಡಿದವರು ಎಷ್ಟು ಎತ್ತರ ಬಂದಿದೆ ಎಂದು ಹಿಗ್ಗುತ್ತಾರೆ. ದಂಟು ದಾರದಂತಿರುತ್ತದೆ. ಹೊಲಕ್ಕೆ ಹೋದ ಮೇಲೆ ಮೊದಲ ಮಳೆಗೇ ಮಲಗುತ್ತದೆ. ಅಷ್ಟರಲ್ಲಿ ಹಂಗಾಮು ದಾಟಿರುತ್ತದೆ.

ಉದ್ದವ್ವ ಹುಟ್ಟಿದ್ದು ಬೆಲ್ಲದ ಬಾಗೇವಾಡಿಯಲ್ಲಿ. ತಾಯಿ ಕಾಶೆವ್ವ ಊರವರ ಹೊಲದಲ್ಲಿ ಮೆಣಸಿನ ಮಡಿ ಮಾಡುತ್ತಿದ್ದವರು. ಸ್ವಂತಕ್ಕೆ ಒಂದು ಗುಂಟೆಯೂ ಇರಲಿಲ್ಲ. ನಾಲ್ಕನೇ ತರಗತಿಗೆ ಸಾಲಿ ಬಿಡಿಸಿ ಮಗಳನ್ನು ಜೊತೆಗೆ ಕರೆದೊಯ್ದರು. ಮದುವೆಯಾಗಿ ಯಮಕನಮರಡಿಗೆ ಬಂದ ಮೇಲೆ ಉದ್ದವ್ವ ಹನ್ನೊಂದು ವರ್ಷ ಕೋಳಿ ಫಾರ್ಮಿನಲ್ಲಿ ಮರಿ ಸಾಕಿ, ಆಮೇಲೆ ಈ ನರ್ಸರಿಗೆ ಸೇರಿದರು. ಗಂಡ ಸಿದ್ರಾಯ ಲಾರಿ ಆಫೀಸಿನಲ್ಲಿ ಹಮಾಲಿ. ಐದು ವರ್ಷದ ಹಿಂದೆ ಮೂಟೆ ಹೊತ್ತಲ್ಲೇ ಸೊಂಟ ಹಿಡಿದು ಕುಸಿದರು, ಮತ್ತೆ ಭಾರ ಎತ್ತಲಿಲ್ಲ. ಈಗ ಪಡಸಾಲೆಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸುವುದೇ ಕೆಲಸ. ನರ್ಸರಿಯ ಪಗಾರವೇ ಮನೆಗೆ ಆಧಾರ.

ನರ್ಸರಿಯ ಆಫೀಸಿನಲ್ಲಿ ಆರು ಚಹಾದ ಕಪ್ಪುಗಳಿವೆ. ಉದ್ದವ್ವನವರದು ಏಳನೆಯದು. ಅದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರುತ್ತದೆ.

ದೀಪದ ಕೆಲಸ ಶುರುವಾದದ್ದು ತಪ್ಪಿನಿಂದ. ನಾಲ್ಕು ವರ್ಷದ ಹಿಂದೆ ಮೋಡ ಕವಿದು ಟ್ರೇಗಟ್ಟಲೆ ಸಸಿ ಉದ್ದ ಎಳೆದಾಗ, ಬೆಳಕು ಕೊಡೋಣ ಎಂದು ಮೊದಲು ಹೇಳಿದವರು ಉದ್ದವ್ವನೇ. ಅವರಿಗೆ ಗೊತ್ತಿದ್ದ ಬೆಳಕು ಒಂದೇ, ಕೋಳಿಮರಿಯ ಹಳದಿ ಬಲ್ಬು. ಅದನ್ನೇ ತಂದು, ಮರಿಗೆ ಕಟ್ಟುವಂತೆ ತಗ್ಗಿಗೆ ಕಟ್ಟಿ, ಮರಿಗೆ ಉರಿಸುವಂತೆ ಹಗಲೂ ರಾತ್ರಿ ಉರಿಸಿದರು. ಮೂರನೇ ದಿನಕ್ಕೆ ಎಲೆಯ ತುದಿ ಸುಟ್ಟಿತು. ಮೇಲೆ ಕಟ್ಟಿದರೆ ಸಸಿ ಮತ್ತೆ ಎಳೆದುಕೊಂಡಿತು. ಗಂಡ ನಕ್ಕರಂತೆ: “ಮೆಣಸಿನಗಿಡಕ್ಕ ಕಾವು ಕೂಡ್ಸಿದಿ. ಇನ್ನ ಕಾಳು ಹಾಕು, ತತ್ತಿ ಇಡತಾವು.”

ಹಾಳಾದ ಆ ಟ್ರೇಗಳಲ್ಲಿ ಒಂದನ್ನು ಯಾರೋ ಆಫೀಸಿನ ಕಪಾಟಿನ ಮೇಲೆ ಇಟ್ಟು ಮರೆತಿದ್ದರು. ವಾರದ ನಂತರ ಕಸ ಹೊಡೆಯಲು ಹೋದ ಉದ್ದವ್ವ ಅದನ್ನು ಇಳಿಸಿ ನೋಡಿದರೆ, ಹೊಸದಾಗಿ ಮೊಳೆತ ಸಸಿಗಳು ಗಿಡ್ಡಗೆ, ದಪ್ಪಗೆ, ಕಡುಹಸಿರಾಗಿ ನಿಂತಿದ್ದವು. ಕಪಾಟಿನ ಮೇಲೆ, ಅಂಗೈ ಅಳತೆಯಲ್ಲಿ, ಆಫೀಸಿನ ಬಿಳಿ ಟ್ಯೂಬಿತ್ತು. ಬೆಳಿಗ್ಗೆ ಹಚ್ಚಿ ಸಂಜೆ ಆರಿಸುವ ಮಾಮೂಲಿ ಎಲ್‌ಇಡಿ ಟ್ಯೂಬು.

ಮಂಟಪ ಹಾಕುವ ಅಂಗಡಿಯವರು ಮೂಲೆಗೆ ಎಸೆದಿದ್ದ ನಾಲ್ಕು ಟ್ಯೂಬುಗಳನ್ನು ಕೇಳಿ ತಂದು ಅವರು ಪರೀಕ್ಷೆ ಮಾಡಿದರು. ಒಂದು ಗೇಣಿನ ಎತ್ತರ ಜಾಸ್ತಿಯಾಯಿತು. ಎರಡು ಬೆರಳು ಕಡಿಮೆಯಾಯಿತು. ನಾಲ್ಕು ಬೆರಳು ಸರಿಬಂತು. ಟ್ಯೂಬು ಬಿಸಿಯಾಗದ್ದರಿಂದ ಎಲೆ ಸುಡಲಿಲ್ಲ. ರಾತ್ರಿಯಿಡೀ ಉರಿಸಿದ ಟ್ರೇಯ ಎಲೆ ಬಿಳಚಿ ಮುದುಡಿತು, ಹದಿನಾಲ್ಕು ಗಂಟೆ ಉರಿಸಿ ಆರಿಸಿದ್ದು ನಳನಳಿಸಿತು. “ಕತ್ತಲಿ ಇಲ್ಲದ ಯಾರಿಗರ ನಿದ್ದಿ ಹತ್ತೈತೇನ್ರಿ?” ಎಂದು ಕೇಳುತ್ತಾರೆ. ಟ್ಯೂಬನ್ನು ಏರಿಸಿ ಇಳಿಸುವುದು ಹೇಗೆಂದು ತಿಳಿಯದಾದಾಗ ಸಿದ್ರಾಯ ಕೂತಲ್ಲಿಂದಲೇ ಹಮಾಲರ ಗಂಟು ಕಲಿಸಿದರು. ಒಂದು ಎಳೆ ಎಳೆದರೆ ಜಾರುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಲಾರಿಯ ಮೇಲೆ ಮೂಟೆ ಬಿಗಿಯುವ ಅದೇ ಗಂಟು ಇಂದು ಇಪ್ಪತ್ತನಾಲ್ಕು ಟ್ಯೂಬುಗಳನ್ನು ಹಿಡಿದಿದೆ. ಫಲಿತಾಂಶ ಕಂಡ ಮೇಲೆ ಉಳಿದ ಇಪ್ಪತ್ತು ಟ್ಯೂಬು ಕೊಡಿಸಿದವರು ಮಾಲೀಕ ಶಿವಪುತ್ರ. ಫೋಟೊ ತೆಗೆಸಿದ್ದೂ ಆಗಲೇ.

“ಮನ್ಯಾಗ ಒಂದ ಬಲ್ಬ್, ಗಿಡಕ್ಕ ಇಪ್ಪತ್ತನಾಲ್ಕು ಟ್ಯೂಬ್. ಮುಂದಿನ ಜಲ್ಮದಾಗ ನಾ ಮೆಣಸಿನಗಿಡಾನ ಆಗ್ತೇನಿ,” ಎಂಬುದು ಸಿದ್ರಾಯ ಅವರ ಹಳೆಯ ಜೋಕು. ಫಲಕದಲ್ಲಿ ಹೆಂಡತಿಯ ಕೈ ಮಾತ್ರ ಬಂದ ದಿನ ಅವರು ಜೋಕು ಹೇಳಲಿಲ್ಲ. ಉದ್ದವ್ವ ಆ ದಿನವೂ ಐದೂವರೆಗೆ ಬಂದು ಸ್ವಿಚ್ಚು ಒತ್ತಿದರು.

ಫಲಕದಲ್ಲಿ ಹೆಸರಿರುವ ಮಗ ಸ್ವಪ್ನಿಲ್. ವಯಸ್ಸು ಇಪ್ಪತ್ತೈದು. ಈ ಸೀಮೆಯಲ್ಲಿ ಬಸ್ಸಿನ ಕಂಡಕ್ಟರಿಗೂ ‘ರಿ’ ಹಚ್ಚಿ ಮಾತಾಡುತ್ತಾರೆ. ತಾಯಿಯ ವಯಸ್ಸಿನ ಉದ್ದವ್ವನವರ ಮಟ್ಟಿಗೆ ಅವನ ಬಾಯಲ್ಲಿ ಆ ಒಂದು ಅಕ್ಷರ ಹುಟ್ಟುವುದಿಲ್ಲ. ಕಳೆದ ವರ್ಷ ಅವನು ಹೊರ ರಾಜ್ಯದಿಂದ ಜಾಂಬಳಿ, ಅಂದರೆ ನೇರಳೆ ಬಣ್ಣದ ದೀಪಗಳನ್ನು ತರಿಸಿ ಪಕ್ಕದ ದೊಡ್ಡ ಕೋಣೆಯ ಚಾವಣಿಗೆ ಕೂರಿಸಿದ. ಒಂದು ದೀಪದ ಬೆಲೆಗೆ ಇಪ್ಪತ್ತಕ್ಕೂ ಹೆಚ್ಚು ಟ್ಯೂಬು ಬರುತ್ತವೆ. ದೀಪ ಕೆಟ್ಟದ್ದಲ್ಲದಿರಬಹುದು. ಆದರೆ ಅದು ಆಳೆತ್ತರದಲ್ಲಿದೆ, ಇಳಿಸಲು ಹಗ್ಗವಿಲ್ಲ. ನೆಲದ ಮೇಲಿನ ಸಸಿಗಳು ಅದನ್ನು ಮುಟ್ಟಲು ಕತ್ತು ಚಾಚಿವೆ.

“ಆ ಬೆಳಕಿನ್ಯಾಗ ಎಲಿ ಎಲ್ಲಾ ಕರ್ರಗ ಕಾಣತಾವ್ರಿ,” ಎನ್ನುತ್ತಾರೆ ಉದ್ದವ್ವ. “ಹಳದಿ ಬಿದ್ದೈತೋ, ರೋಗ ಹತ್ತೈತೋ, ಹ್ಯಾಂಗ ತಿಳೀಬೇಕು? ಕೂಸಿನ ಮಾರಿ ಕಾಣಲಾರದ ದೀಪ ತಗೊಂಡ ಏನ್ ಮಾಡೂದು?”

ಇಲ್ಲಿಂದ ಮುಂದಿನದನ್ನು ಅವರು ಕೈಕೆಲಸ ನಿಲ್ಲಿಸಿ ಹೇಳುತ್ತಾರೆ. ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದ ಮುಂದಾಳು ಗೌರಕ್ಕ. ಮೊದಲ ವರ್ಷ ಟ್ಯೂಬಿನ ಕೆಳಗಿನ ಸಸಿ ಒಯ್ದು ಒಳ್ಳೆಯ ಬೆಳೆ ತೆಗೆದವರು. ಕಳೆದ ವರ್ಷ ಅವರಿಗೆ ಜಾಂಬಳಿ ಕೋಣೆಯ ಸಸಿ ಹೋಯಿತು. ಕ್ರೇಟಿಗೆ ತುಂಬಿ, ಗಾಡಿಗೆ ಏರಿಸಿಕೊಟ್ಟದ್ದು ಉದ್ದವ್ವನೇ. ಹತ್ತು ದಿನದೊಳಗೆ ಮಳೆ ಹೊಡೆದು ಮುಕ್ಕಾಲು ಪಾಲು ಸಸಿ ಕೆಸರಿನಲ್ಲಿ ಮಲಗಿತು, ಏಳಲಿಲ್ಲ. ಗೌರಕ್ಕ ಬಸ್ಸು ಬದಲಿಸಿ ಗೋಕಾಕದ ಮೇಲೆ ಹಾಯ್ದು ಇಲ್ಲಿಗೆ ಬಂದು, ಮಾಲೀಕರ ಆಫೀಸಿಗೆ ಹೋಗದೆ ಸೀದಾ ಈ ಗೋಡೌನಿಗೆ ಬಂದು, ಎಲ್ಲಿ ತಪ್ಪಿತು ಎಂದು ಕೇಳಿದರು. ಮಳೆ ಜಾಸ್ತಿಯಾಯಿತು ಎಂದು ಉದ್ದವ್ವ ಹೇಳಿದರು. ಗೌರಕ್ಕ ನಂಬಿದರು. ಚಹಾ ಕುಡಿಯದೆ ಹೋದರು.

“ಗೊತ್ತಿದ್ದೂ ತುಂಬಿದ್ದೆ,” ಎನ್ನುತ್ತಾರೆ ಉದ್ದವ್ವ. “ದಂಟು ಮುಟ್ಟಿದಾಗ ಬೆರಳಿಗೆ ಗೊತ್ತಾಗಿತ್ತು. ಮಳಿ ಮ್ಯಾಲ ಹಾಕಿದೆ. ಮಳಿ ಬಂದ ಜಗಳ ಮಾಡತೈತೇನು?”

ಈ ವರ್ಷ ಸ್ವಪ್ನಿಲ್ ಆ ದೀಪಗಳ ಏಜೆನ್ಸಿ ಹಿಡಿದಿದ್ದಾನೆ. ಗೋಕಾಕ, ಮೂಡಲಗಿ ತಾಲೂಕುಗಳ ಏಳು ಸಂಘಗಳು ತಮ್ಮ ಊರಲ್ಲೇ ಸಸಿ ಬೆಳೆಸುವ ಆಸೆಯಿಂದ ದೀಪ ನೋಡಲು ಬರುವುದು ಇದೇ ಶನಿವಾರ, ಹತ್ತು ಗಂಟೆಗೆ. ಪತ್ರಿಕೆಯವರಿಗೂ ಕರೆ ಹೋಗಿದೆ. ಗುರುವಾರವೇ ಗೌರಕ್ಕ ಫೋನು ಮಾಡಿ, ಸಂಘದಲ್ಲಿ ಎಲ್ಲರೂ ಕೂಡಿಟ್ಟ ಹಣ ಇದಕ್ಕೇ ಹೋಗುತ್ತದೆಂದೂ ದೀಪದ ಬಗ್ಗೆ ತನಗೇನೂ ತಿಳಿಯದೆಂದೂ ಹೇಳಿದ್ದಾರೆ. ಕೊನೆಗೆ ಒಂದು ಮಾತು: “ನೀ ಹೂಂ ಅಂದ್ರ ತಗೋತೇವಿ, ಇಲ್ಲಾಂದ್ರ ಇಲ್ಲ.”

ಆರೂಮುಕ್ಕಾಲಿಗೆ ಶಿವಪುತ್ರ ಗೋಡೌನಿಗೆ ಬರುತ್ತಾರೆ. ಹಿಂದೆ ಸ್ವಪ್ನಿಲ್. ಮಾಲೀಕರದು ಗದರುವ ಸ್ವಭಾವವಲ್ಲ, ಮೆತ್ತಗೆ ಹೇಳುತ್ತಾರೆ. ದೊಡ್ಡ ಕೋಣೆಯ ಉದ್ದ ಸಸಿಗಳನ್ನು ಹಿಂದಿನ ಶೆಡ್ಡಿಗೆ ಸಾಗಿಸಬೇಕು. ಈ ಇಪ್ಪತ್ತನಾಲ್ಕು ಟ್ರೇ ಎತ್ತಿ ಜಾಂಬಳಿ ದೀಪದ ಕೆಳಗೆ ಜೋಡಿಸಬೇಕು. ಟ್ಯೂಬು ಬಿಚ್ಚಿ ಮೂಲೆಗಿಡಬೇಕು. ಬಂದವರು ಕೇಳಿದರೆ ಇವು ಆ ದೀಪಕ್ಕೇ ಬೆಳೆದವು ಎನ್ನಬೇಕು. ಹೆಣ್ಣುಮಕ್ಕಳು ನಿನ್ನ ಮಾತು ನಂಬುತ್ತಾರೆ ಎಂದೂ ಸೇರಿಸುತ್ತಾರೆ. “ಒಂದ ದಿನದ ಮಾತು, ಉದ್ದವ್ವಾ. ನಾಳಿ ಮತ್ತ ನಿನ್ನ ಟ್ರೇ ನಿನಗ.”

ಉದ್ದವ್ವ ಹದಿನೇಳನೇ ಟ್ರೇ ಸವರುತ್ತಿದ್ದಾರೆ. ಹತ್ತು ಸಲ ಆ ಕಡೆಗೆ, ಹತ್ತು ಸಲ ಈ ಕಡೆಗೆ. ಅದನ್ನು ಮುಗಿಸಿ ತಲೆ ಎತ್ತುತ್ತಾರೆ.

“ನಾ ಎತ್ತೂದಿಲ್ರಿ ಸಾವ್ಕಾರ್ರ.”

ಸ್ವಪ್ನಿಲ್ ನಗುತ್ತಾನೆ. “ಫೋಟೊದಾಗ ಹೆಸರ ಬರಲಿಲ್ಲಂತ ಸಿಟ್ಟೇನು? ಈ ಸಲ ಮಾರಿ ಬರೂ ಹಂಗ ತಗಸ್ತೇನಿ, ಬಾ.”

“ಹೆಸರು ನಂದಿತ್ತು, ತಗೊಂಡ್ರಿ, ಸುಮ್ಮನ ಕುಂತೆ,” ಎನ್ನುತ್ತಾರೆ ಉದ್ದವ್ವ. ಅವನ ಕಡೆಗಲ್ಲ, ಮಾಲೀಕರ ಕಡೆಗೆ ನೋಡಿ. “ಇದು ನಂದಲ್ಲ. ಆ ಹೆಣ್ಮಕ್ಕಳದು. ಹ್ವಾದ ವರ್ಷ ಒಮ್ಮಿ ಸುಳ್ಳ ಹೇಳೇನಿ. ಆ ಬಾಯಿ ಇನ್ನೂ ಕಹಿ ಐತಿ.”

ಪೇಪರಿನವರ ಮುಂದೆ ಮಾನ ಕಳೆಯಬೇಡ ಎಂದು ಶಿವಪುತ್ರ ಹಲ್ಲು ಕಚ್ಚಿ ಹೇಳುತ್ತಾರೆ. ಸಿದ್ರಾಯನ ಔಷಧಿಯ ನೆನಪು ಮಾಡುತ್ತಾರೆ. ಮಳೆಗಾಲದಲ್ಲಿ ಕೆಲಸ ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ. ಎಲ್ಲವೂ ಖರೆ. ಉದ್ದವ್ವ ಹದಿನೆಂಟನೇ ಟ್ರೇಗೆ ಹೋಗುತ್ತಾರೆ.

“ಹಂಗಾದ್ರ ಮನಿಗಿ ನಡಿ,” ಎನ್ನುತ್ತಾರೆ ಮಾಲೀಕರು. “ಈಗಿಂದೀಗ. ನಾಳಿಂದ ಈ ಕಡೆ ಹಾಯಬ್ಯಾಡ.”

ಹೊರಗೆ ಮತ್ತೆ ಸೋನೆ ಹಿಡಿದಿದೆ. ಕಿಟಕಿಯ ಕಟ್ಟೆಯ ಮೇಲಿನ ಏಳನೇ ಕಪ್ಪಿನಲ್ಲಿ ಮಳೆನೀರು ತುಂಬುತ್ತಿದೆ. ಉದ್ದವ್ವ ಉಳಿದ ಆರು ಟ್ರೇಗಳನ್ನು ಸವರಿ ಮುಗಿಸುತ್ತಾರೆ. ನಾಲ್ಕು ಬೆರಳು ಹಿಡಿದು ಕೊನೆಯ ಟ್ಯೂಬಿನ ಎತ್ತರ ನೋಡುತ್ತಾರೆ, ಗಂಟು ಬಿಗಿಯುತ್ತಾರೆ. ಆಮೇಲೆ ನೀರಿನ ಬಕೆಟ್ಟು ಬೋರಲು ಹಾಕಿ, ಅದನ್ನು ಗೋಡೌನಿನ ಹೊಸ್ತಿಲ ನಡುವೆ ಎಳೆದುಕೊಂಡು, ಬೆಳಕಿಗೆ ಬೆನ್ನು ಮಾಡಿ ಕೂರುತ್ತಾರೆ.

“ನಾಳಿ ಬರೂದಿಲ್ರಿ,” ಎನ್ನುತ್ತಾರೆ. “ಇವತ್ತ ಗೌರಕ್ಕ ಬರೂತನಕ ಇಲ್ಲಿಂದ ಏಳೂದಿಲ್ಲ.”