ತೊಂದರೆಯಿಲ್ಲ ಎಂದು ಬರೆದ ಸಾಲು

ನನ್ನ ಕೆಲಸ ಏನೆಂದು ಅತ್ತೆ ಹತ್ತಾರು ಸಲ ಕೇಳಿದ್ದಾರೆ. ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ತೀರಾ ಸುಸ್ತಾದ ಒಂದು ದಿನ ಮಾತ್ರ ನಿಜ ಹೇಳಿದೆ: "ಯಾರೂ ಓದದೆ ಇರೋದನ್ನ ಬರೀತೀನಿ ಅತ್ತೆ." ಬೀನ್ಸ್ ನಾರು ತೆಗೆಯುತ್ತಿದ್ದವರು ತಲೆ ಎತ್ತಿ, "ಅದಕ್ಕೂ ಸಂಬಳ ಕೊಡ್ತಾರಾ?" ಎಂದರು.

ಕೊಡುತ್ತಾರೆ. ಜೆ.ಪಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ ನಮ್ಮ ಆಫೀಸು. ಕ್ಲಿನಿಕ್ಕು, ಲ್ಯಾಬು, ಶಾಲೆ, ಜವಳಿ ಅಂಗಡಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವ ಸಣ್ಣ ಕಂಪನಿ. ಒಂದೊಂದು ಯಂತ್ರದ ಮುಂದೆಯೂ ಹೋಗಿ ಕೂರುವುದಕ್ಕಾಗುತ್ತದೆಯೇ? ಅದಕ್ಕೇ ಒಂದು ಪ್ರೋಗ್ರಾಂ ಇದೆ. ಊರಿಗೆ ಹೊರಡುವ ಮೊದಲು ಅತ್ತೆ ಮನೆಯೆಲ್ಲ ಸುತ್ತಿ ನಲ್ಲಿ, ಗ್ಯಾಸು, ಚಿಲಕ ನೋಡುವ ಹಾಗೆ ಅದು ಅರ್ಧ ಗಂಟೆಗೊಮ್ಮೆ ಎಲ್ಲ ಸರ್ವರ್‌ಗಳನ್ನೂ ಸುತ್ತುತ್ತದೆ. ಸೆಟ್ಟಿಂಗ್‌ಗಳು ಇರಬೇಕಾದ ಹಾಗೆ ಇವೆಯೇ ನೋಡುತ್ತದೆ, ಇಲ್ಲದಿದ್ದರೆ ತಾನೇ ಸರಿ ಮಾಡುತ್ತದೆ, ನೋಡಿದ್ದಕ್ಕೂ ಮಾಡಿದ್ದಕ್ಕೂ ಒಂದೊಂದು ಸಾಲು ಬರೆದಿಡುತ್ತದೆ. ಅದನ್ನು ನಾವು ಲಾಗ್ ಎನ್ನುತ್ತೇವೆ. ಬರೆಯುವುದು ಯಂತ್ರ, ಮಾತು ನನ್ನದು. ಏನಾದರೆ ಏನು ಹೇಳಬೇಕು, ಎಷ್ಟು ಜೋರಾಗಿ ಹೇಳಬೇಕು ಎಂದು ಮೊದಲೇ ತೀರ್ಮಾನಿಸಿ ಇಟ್ಟವಳು ನಾನು. ದೊಡ್ಡ ವಿಷಯವಾದರೆ ಸಾಲು ಕೆಂಪು, ಬೆಳಗಿನ ಮೇಲ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಚಿಕ್ಕದಾದರೆ ಬೂದು, ಯಾವುದೋ ಫೈಲಿನಲ್ಲಿ ಬಿದ್ದಿರುತ್ತದೆ.

ಶುರುವಿನಲ್ಲಿ ಬಹಳ ಆಸ್ಥೆಯಿಂದ ಬರೆಯುತ್ತಿದ್ದೆ. ಏನಾಯಿತು, ಯಾಕಾಯಿತು, ಓದಿದವರು ಈಗ ಏನು ಮಾಡಬೇಕು, ಮೂರೂ ಒಂದೇ ಸಾಲಿನಲ್ಲಿ ಇರಬೇಕೆಂಬ ಹಟ. ಎಷ್ಟು ದಿನ ಸ್ವಾಮಿ? ಓದುವವರು ಒಬ್ಬರಾದರೂ ಬೇಡವೇ? ಗ್ರಾಹಕರು ಹೆಚ್ಚಿದ ಹಾಗೆ ಕೆಂಪು ಸಾಲುಗಳೂ ಹೆಚ್ಚಿದವು. ಒಂದು ಬೆಳಿಗ್ಗೆ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಮೇಲ್ ತೆಗೆದ್ರೆ ಬರೀ ಕೆಂಪು ಕಣ್ರೀ. ಕ್ಲೈಂಟ್ ನೋಡಿದ್ರೆ ಏನಂದ್ಕೋತಾರೆ? ಸ್ವಲ್ಪ ಕಮ್ಮಿ ಮಾಡ್ರಿ," ಎಂದರು.

ಕಮ್ಮಿ ಮಾಡುವುದಕ್ಕೆ ತೊಂದರೆಗಳನ್ನು ಸರಿಪಡಿಸಬೇಕು, ಇಲ್ಲವೇ ಕೆಂಪನ್ನು ಬೂದು ಮಾಡಬೇಕು. ಸರಿಪಡಿಸಲು ತಿಂಗಳುಗಟ್ಟಲೆ ಬೇಕು. ಬೂದು ಮಾಡಲು ಒಂದು ಮಧ್ಯಾಹ್ನ ಸಾಕು. ನನಗೆ ಆಗ ನಿಜಕ್ಕೂ ಶಕ್ತಿ ಇರಲಿಲ್ಲ, ಇದ್ದಿದ್ದರೂ ಸರಿಪಡಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಕೂತು ಸಾಲುಸಾಲನ್ನೇ ಬೂದು ಮಾಡಿದೆ. ಅವುಗಳಲ್ಲಿ ಒಂದು ಗಡಿಯಾರದ್ದು. ಪ್ರತಿ ಯಂತ್ರವೂ ಇಂಟರ್‌ನೆಟ್‌ನಲ್ಲಿರುವ ಒಂದು ಸರಿಯಾದ ಗಡಿಯಾರವನ್ನು ಕೇಳಿ ತನ್ನ ಸಮಯವನ್ನು ತಿದ್ದಿಕೊಳ್ಳುತ್ತದೆ. ಒಮ್ಮೊಮ್ಮೆ ಉತ್ತರ ಸಿಗುವುದಿಲ್ಲ, ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಇದಕ್ಕೆಲ್ಲ ಬೊಬ್ಬೆ ಯಾಕೆ ಎಂದು, "ಟೈಮ್ ಸಿಂಕ್ ಆಗಲಿಲ್ಲ, ಹಾರ್ಮ್‌ಲೆಸ್" ಎಂದು ಬರೆದೆ. ಹಾರ್ಮ್‌ಲೆಸ್ ಎಂದರೆ ತೊಂದರೆಯಿಲ್ಲ. ಮರುದಿನದ ಮೇಲ್ ನೋಡಿ ಮ್ಯಾನೇಜರ್, "ಸಖತ್ ಕ್ಲೀನಾಗಿದೆ," ಎಂದು ಖುಷಿಪಟ್ಟರು. ನಾನೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ.

ಇದಾಗಿ ಐದಾರು ತಿಂಗಳ ಮೇಲೆ ಒಂದು ಶನಿವಾರ, ಅತ್ತೆಗೆ ಶುಗರ್ ಟೆಸ್ಟ್ ಮಾಡಿಸಲು ಯಡಿಯೂರಿನ ಲ್ಯಾಬಿಗೆ ಹೋದೆವು. ನಾವು ಇರುವುದು ಇಟ್ಟಮಡುವಿನಲ್ಲಿ, ಅತ್ತೆ ಹಿಂದೆ ರಾಗಿ ಬಿತ್ತುತ್ತಿದ್ದ ಜಾಗದ ಮೇಲೆ ಎದ್ದ ಮನೆಯಲ್ಲಿ. ಅಲ್ಲೂ ಲ್ಯಾಬುಗಳಿವೆ, ಆದರೆ ಅವರಿಗೆ ಯಡಿಯೂರೇ ಆಗಬೇಕು. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಟ್ಟು, ದರ್ಶಿನಿಯಲ್ಲಿ ಇಡ್ಲಿ ತಿಂದು, ಕೆರೆ ಸುತ್ತಿ, ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಇನ್ನೊಂದು ಸಲ ಕೊಡುವುದು ಅವರ ಪಾಲಿಗೆ ಒಂದು ಔಟಿಂಗು. ಆ ಲ್ಯಾಬಿನ ಸರ್ವರ್‌ಗೆ ನಮ್ಮ ಕಂಪನಿಯದೇ ಉಸ್ತುವಾರಿ. ಅದನ್ನು ನಾನು ಅಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ, ಹೇಳಿದರೆ ಪ್ರಿಂಟರ್ ರಿಪೇರಿ ಮಾಡಿಕೊಡಿ ಎನ್ನುತ್ತಾರೆ.

ರಕ್ತ ತೆಗೆಯುವ ಹೆಂಗಸು ಅವತ್ತು ಅತ್ತುಬಿಟ್ಟಳು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದವಳ ಕಣ್ಣಿನಿಂದ ನೀರು ಬಳಬಳ ಸುರಿಯಿತು. ಅತ್ತೆ ಬಿಡುತ್ತಾರೆಯೇ? "ಯಾಕಮ್ಮಾ, ಗಂಡ ಹೊಡೆದನಾ?" ಎಂದು ನೇರವಾಗಿ ಕೇಳಿದರು.

"ಅಯ್ಯೋ ಇಲ್ಲಾಂಟಿ. ಕೆಲಸಕ್ಕೆ ಈ ತಿಂಗಳೇ ಕೊನೆ ಅಂದಿದ್ದಾರೆ ನಮ್ಮ ಸಾರ್."

ಲ್ಯಾಬಿನ ಮಾಲೀಕರು ಕೂರುವುದು ಜಯನಗರದ ಮುಖ್ಯ ಶಾಖೆಯಲ್ಲಿ. ಯಾರೋ ಡಾಕ್ಟರು ಫೋನ್ ಮಾಡಿ, ರಿಪೋರ್ಟಿನಲ್ಲಿ ಟೈಮ್ ಹೊಂದುತ್ತಿಲ್ಲ ಎಂದಿದ್ದಾರೆ. ಮಾಲೀಕರು ಹಳೆಯ ಹಾಳೆಗಳನ್ನೆಲ್ಲ ತೆಗೆಸಿ ನೋಡಿದ್ದಾರೆ. ರಕ್ತ ತೆಗೆದದ್ದು ಹತ್ತು ಗಂಟೆಗೆ ಎಂದು ಇವಳ ಕೈಬರಹ. ಅದೇ ರಕ್ತ ಒಂಬತ್ತು ನಲವತ್ತಕ್ಕೇ ಪರೀಕ್ಷೆಗೆ ಬಂತೆಂದು ಕಂಪ್ಯೂಟರ್. ತೆಗೆಯುವ ಮೊದಲೇ ಬಂದುಬಿಟ್ಟಿದೆ! ಇವಳು ಬೇಗ ಕೆಲಸ ಮುಗಿಸುವ ಆಸೆಗೆ ಇಪ್ಪತ್ತು ನಿಮಿಷ ಮುಂಚೆಯೇ ಸೂಜಿ ಚುಚ್ಚಿ, ಎರಡು ಗಂಟೆ ಕಳೆಯಿತೆಂದು ಸುಳ್ಳು ಬರೆಯುತ್ತಾಳೆ ಎಂದು ಅವರು ತೀರ್ಮಾನಿಸಿದ್ದರು.

"ಗೋಡೆ ಗಡಿಯಾರ ನೋಡೇ ಬರೀತೀನಿ ಮೇಡಂ. ಹೇಳಿದ್ರೆ, ಕಂಪ್ಯೂಟರ್ ಯಾಕೆ ಸುಳ್ಳು ಹೇಳುತ್ತೆ ಅಂತಾರೆ. ಸುಳ್ಳು ಬರೀತಾಳೆ ಅಂತ ಆಚೆ ಹಾಕಿದ್ರೆ ಬೇರೆ ಯಾವ ಲ್ಯಾಬ್‌ನವರು ನನ್ನ ತಗೋತಾರೆ ಹೇಳಿ?"

ಗಡಿಯಾರದ ಆ ಬೂದು ಸಾಲು ನನಗೆ ನೆನಪಾಯಿತು. ಆದರೂ, ಏನೋ ಇರಬಹುದು, ನೋಡದೆ ಮಾತಾಡಬಾರದು ಎಂದು ಬಾಯಿ ಮುಚ್ಚಿಕೊಂಡು ಇಡ್ಲಿ ತಿನ್ನಲು ಹೋದೆ.

ಸೋಮವಾರ ಆಫೀಸಿನಲ್ಲಿ ಆ ಸರ್ವರ್‌ನ ಲಾಗ್ ತೆರೆದೆ. ಟೈಮ್ ಸಿಂಕ್ ಆಗಲಿಲ್ಲ, ಹಾರ್ಮ್‌ಲೆಸ್. ಕೆಳಗೆ ಹೋದೆ. ಹಾರ್ಮ್‌ಲೆಸ್. ಇನ್ನೂ ಕೆಳಗೆ ಹೋದೆ. ನಾಲ್ಕು ತಿಂಗಳ ಹಿಂದೆ ಅಲ್ಲಿ ಹೊಸ ಇಂಟರ್‌ನೆಟ್ ಲೈನ್ ಹಾಕಿಸಿದ ದಿನದಿಂದ ಆ ಯಂತ್ರಕ್ಕೆ ಸರಿಯಾದ ಗಡಿಯಾರ ಒಂದು ಸಲವೂ ಸಿಕ್ಕಿಲ್ಲ. ಹಳೆಯ ಯಂತ್ರ, ದಿನಕ್ಕಿಷ್ಟು ಹಿಂದೆ ಬಿದ್ದು ಬಿದ್ದು ಇಪ್ಪತ್ತು ನಿಮಿಷ ಹಿಂದಾಗಿದೆ. ಪಾಪ, ಅದು ಅರ್ಧ ಗಂಟೆಗೊಮ್ಮೆ ತಪ್ಪದೆ ಹೇಳಿದೆ. ಅದರ ಬಾಯಿಗೆ "ತೊಂದರೆಯಿಲ್ಲ" ಎಂಬ ಮಾತು ತುರುಕಿದವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮ್ಯಾನೇಜರ್‌ಗೆ ತೋರಿಸಿದೆ. "ಆ ಹೆಂಗಸಿನ ಕೆಲಸ ಹೋಗ್ತಿದೆ ಸಾರ್. ಮಾಲೀಕರಿಗೆ ನಾವೇ ಹೇಳಬೇಕು," ಎಂದೆ.

"ಕಾಂಟ್ರಾಕ್ಟ್ ರಿನ್ಯೂ ಆಗೋ ಟೈಮಲ್ಲಿ ಹೋಗಿ ನಾವೇ ತಪ್ಪು ಮಾಡಿದ್ವಿ ಅಂತ ಹೇಳ್ತೀರಾ? ತಲೆ ಕೆಟ್ಟಿದ್ಯಾ? ಸುಮ್ನೆ ಸರಿ ಮಾಡ್ಬಿಡಿ. ಇನ್ಮೇಲೆ ಟೈಮ್ ಹೊಂದುತ್ತೆ, ಅವಳ ತಂಟೆಗೆ ಯಾಕೆ ಹೋಗ್ತಾರೆ?"

ಹೌದಲ್ಲ, ಅನಿಸಿತು. ಸುಸ್ತಾದವರಿಗೆ ಇಂಥ ಮಾತು ಬಹಳ ಬೇಗ ಹೌದೆನಿಸುತ್ತದೆ. ಹತ್ತು ನಿಮಿಷದ ಕೆಲಸ. ಗಡಿಯಾರ ಸರಿಯಾಯಿತು. "ಟೈಮ್ ಸಿಂಕ್ ಆಯಿತು" ಎಂಬ ಬೂದು ಸಾಲು ಬಂತು. ಕೈ ತೊಳೆದುಕೊಂಡೆ.

ಮುಂದಿನ ವಾರ ಮಂಗಳವಾರ ಮತ್ತೆ ಯಡಿಯೂರು. ಅತ್ತೆಯ ಡಾಕ್ಟರು ಟೈಮ್ ಹೊಂದದ ಆ ರಿಪೋರ್ಟ್ ನಂಬುವುದಿಲ್ಲ, ಇನ್ನೊಮ್ಮೆ ಮಾಡಿಸಿ ಎಂದಿದ್ದರು. ರಕ್ತ ತೆಗೆಯುವವಳು ಅಲ್ಲೇ ಇದ್ದಳು. ನನಗೆ ಎಷ್ಟು ಹಗುರವಾಯಿತೆಂದರೆ, "ಎಲ್ಲ ಸರಿಹೋಯ್ತಾ?" ಎಂದು ನಗುನಗುತ್ತ ಕೇಳಿದೆ.

"ಏನ್ ಸರಿ ಮೇಡಂ. ಹೋದ ವಾರದಿಂದ ಕಂಪ್ಯೂಟರ್ ಟೈಮೂ ನನ್ನ ಟೈಮೂ ಒಂದೇ ಬರ್ತಿದೆ. ಸಾರ್ ಎಲ್ಲರ ಮುಂದೆ ಏನಂದ್ರು ಗೊತ್ತಾ? ನೋಡಿ, ನಾನು ಬೈದ್ಮೇಲೆ ಹೆಂಗೆ ನೆಟ್ಟಗಾದ್ಲು ಅಂದ್ರು. ಅಂದ್ರೆ ಮೊದ್ಲು ಕಳ್ಳಿ ಅಂತ ತಾನೇ?"

ನಾನು ಸದ್ದಿಲ್ಲದೆ ಮಾಡಿದ ರಿಪೇರಿ ಅವಳ ವಿರುದ್ಧವೇ ಸಾಕ್ಷಿಯಾಗಿ ನಿಂತಿತ್ತು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲೇ ಇಲ್ಲವೇ? ಹೊಳೆಯಲಿಲ್ಲ. ಅತ್ತೆಯನ್ನು ದರ್ಶಿನಿಯಲ್ಲಿ ಕೂರಿಸಿ, "ಇಲ್ಲೇ ಇರಿ, ಬಂದೆ," ಎಂದು ಆಟೋ ಹತ್ತಿ ಜಯನಗರಕ್ಕೆ ಹೋದೆ. ಮಾಲೀಕರು ಎದ್ದು ನಿಂತು ಮಾತಾಡಿಸಿದ ಮರ್ಯಾದಸ್ಥರು. ನಾನು ಯಾರು, ಯಾವ ಕಂಪನಿ ಎಲ್ಲ ಹೇಳಿ, ಲ್ಯಾಪ್‌ಟಾಪ್ ತೆರೆದು ನಾಲ್ಕು ತಿಂಗಳ ಸಾಲುಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ನಾನು ಬರೆದದ್ದನ್ನು ಯಾರಾದರೂ ಅಷ್ಟು ನಿಧಾನವಾಗಿ ಓದಿದ್ದನ್ನು ಅವತ್ತೇ ನೋಡಿದ್ದು.

"ಹಾರ್ಮ್‌ಲೆಸ್ ಅಂತ ಬರೆದವರು ಯಾರು?"

"ನಾನೇ ಸಾರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಸರಿ, ನೀವು ಹೊರಡಿ. ನಾನು ಆ ಹುಡುಗಿಗೆ ಫೋನ್ ಮಾಡ್ತೀನಿ," ಎಂದರು. ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ. ಮ್ಯಾನೇಜರ್ ಇವತ್ತಿಗೂ ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ.

ವಾಪಸ್ ಬಂದಾಗ ಎರಡು ಗಂಟೆ ತುಂಬಲು ಐದು ನಿಮಿಷ ಬಾಕಿ ಇತ್ತು. ಅತ್ತೆ ಆಗಲೇ ಲ್ಯಾಬಿನ ಕುರ್ಚಿಯಲ್ಲಿ ತೋಳು ಚಾಚಿ ಕೂತಿದ್ದರು. ಅವಳು ರಬ್ಬರ್ ಪಟ್ಟಿ ಕಟ್ಟುತ್ತ, ನನ್ನ ಮುಖ ನೋಡದೆ ಹೇಳಿದಳು: "ಸಾರ್ ಫೋನ್ ಮಾಡಿದ್ರು. ಸಾರಿ ಕೇಳಿದ್ರು. ನೀವು ಹೋಗಿ ಹೇಳಿದ್ರಂತೆ."

"ಹೂಂ. ನನ್ನದೇ ತಪ್ಪು."

"ಗಡಿಯಾರ ಕೆಟ್ಟಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಇವತ್ತು ಬೆಳಿಗ್ಗೆ ಎಂದುಬಿಡಬಹುದಿತ್ತು. "ಹೋದ ವಾರ, ಸೋಮವಾರ," ಎಂದೆ.

ಅವಳು ಪಟ್ಟಿ ಬಿಗಿದಳು. "ಸೋಮವಾರಾನಾ? ಬುಧವಾರ ನಾನು ಬರೆದುಕೊಟ್ಟೆ ಮೇಡಂ. ಟೈಮ್ ಸುಳ್ಳು ಬರೀತಿದ್ದಿದ್ದು ನಿಜ, ಇನ್ಮೇಲೆ ಮಾಡಲ್ಲ, ಕ್ಷಮಿಸಿ ಅಂತ. ಹಂಗೆ ಬರೆದುಕೊಟ್ರೆ ಇಟ್ಕೋತೀನಿ ಅಂದಿದ್ರು. ಮಾಡದೇ ಇರೋ ಕಳ್ಳತನ ನನ್ನ ಕೈಯಾರೆ ಬರೆದು ಸೈನ್ ಹಾಕ್ದೆ."

ಅತ್ತೆ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಈಗ ಮಾತಾಡ್ಬೇಡಿ ಮೇಡಂ," ಎಂದಳು ಅವಳು. "ಸೂಜಿ ಹಾಕ್ತಿದ್ದೀನಿ."