ನಡುವೆ ಅಂದ ಆಮೆನ್

ಹುಮನಾಬಾದ್ ಬಸ್ ನಿಲ್ದಾಣದ ಹೊರಗೆ ಇವತ್ತು ಬೇಸಿಗೆಯ ಕೊನೆಯ ಮಾವಿನಹಣ್ಣು ಘಮ್ಮೆಂದಾಗ, ಹತ್ತಿರದ ಹುಡಗಿ ಎಂಬ ಊರಿನ ಅಜ್ಜಿಮನೆ ನೆನಪಾಯಿತು.

ಹುಲ್ಲಿನಲ್ಲಿಟ್ಟು ಮಾಗಿಸಿದ ಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು, ಅಜ್ಜಿ ತಲೆತುಂಬ ಸೆರಗು ಹೊದ್ದು ಪ್ರಾರ್ಥನೆಗೆ ಕೂರುತ್ತಿದ್ದಳು. ಗಿಡ ನೆಟ್ಟವರು, ಕಾಯಿ ಇಳಿಸಿದವರು, ಹುಲ್ಲು ಕೊಟ್ಟ ನೆರೆಯವರು, ಆಮೇಲೆ ಮನೆಮಂದಿ. ಒಬ್ಬೊಬ್ಬರ ಹೆಸರು ಹೇಳಿ ಯೇಸುವಿಗೆ ಸ್ತೋತ್ರ ಸಲ್ಲಿಸುವವರೆಗೆ ಯಾರೂ ಹಣ್ಣು ಮುಟ್ಟುವಂತಿರಲಿಲ್ಲ.

ಒಮ್ಮೆ ತಾಳಲಾರದೆ ನಡುವೆಯೇ ಜೋರಾಗಿ "ಆಮೆನ್" ಅಂದುಬಿಟ್ಟೆ. ಎಲ್ಲರೂ ನಕ್ಕರು. ಅಜ್ಜಿ ಕಣ್ಣು ತೆರೆದಳು.

"ತಿನ್ನವ್ವ. ನಿನ್ನ ಹೆಸರೊಂದ ಉಳದಿತ್ತು."

ನಾನಾಗಲೇ ಹಣ್ಣು ಚೀಪುತ್ತಿದ್ದೆ. ಮುಂದಿನ ಬೇಸಿಗೆಗೆ ಅಜ್ಜಿ ಇರಲಿಲ್ಲ.

ಇವತ್ತು ಮನೆಯಲ್ಲಿ ಹಣ್ಣಿನ ಮುಂದೆ ಕಣ್ಣುಮುಚ್ಚಿ, ನೆನಪಿದ್ದ ಆ ಹೆಸರುಗಳನ್ನೆಲ್ಲ ಹೇಳಿದೆ, ಅಜ್ಜಿಯದನ್ನೂ ಸೇರಿಸಿ. ಕೊನೆಗೆ ನನ್ನ ಹೆಸರನ್ನು ನಾನೇ ಹೇಳಿಕೊಳ್ಳಲು ಬಾಯಿ ಬರಲಿಲ್ಲ.